ಕುದುರೆ ನಿಂತ ಬುಧವಾರ

ನಮ್ಮೂರಿನಲ್ಲಿ ಅರ್ಥವಾಗದೆ ಇಟ್ಟ ಕಾಯಿ ನಿಲ್ಲುವುದಿಲ್ಲ. ಚದುರಂಗದ ಕಾಯಿಯ ಮಾತು ಹೇಳುತ್ತಿದ್ದೇನೆ. ಇಟ್ಟವರಿಗೆ ಆ ನಡೆ ಯಾಕೆಂದು ಗೊತ್ತಿದ್ದರೆ ಕಾಯಿ ನಿಲ್ಲುತ್ತದೆ. ಇಲ್ಲದಿದ್ದರೆ ಹೊಟ್ಟೆನೋವು ಬಂದವರ ಹಾಗೆ ಮೆಲ್ಲಗೆ ಬಾಗಿ ಮಗ್ಗುಲಾಗುತ್ತದೆ. ಪರಊರಿನವರು ಇದನ್ನು ಕೇಳಿ ಮೊದಲು ನಗುತ್ತಾರೆ, ಆಮೇಲೆ ತಾವೂ ಒಂದು ಕಾಯಿ ಇಟ್ಟು ನೋಡುತ್ತಾರೆ, ಆಮೇಲೆ ರಾತ್ರಿ ಉಳಿಯುತ್ತೇವೆ ಅಂದವರು ಸಂಜೆ ಬಸ್ಸಿಗೇ ಹೊರಟುಬಿಡುತ್ತಾರೆ. ನಮಗೆ ಹೊರಟುಹೋಗಲು ಇನ್ನೊಂದು ಊರಿಲ್ಲವಾದ್ದರಿಂದ ಹೊಂದಿಕೊಂಡಿದ್ದೇವೆ. ಹೆಣ್ಣು ಕೊಡುವವರು ಹುಡುಗನನ್ನು ಕೂರಿಸಿ ಒಂದು ನಡೆ ಇಡಿಸುತ್ತಾರೆ. ಹುಡುಗನ ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ಚದುರಂಗದ ಮಣೆ ತರಿಸುವುದನ್ನು ಮರೆಯುತ್ತಾರೆ. ಕ್ಷೌರದಂಗಡಿಯ ಹನುಮಂತಯ್ಯನವರು ಮೊದಲ ಎರಡು ಸಿಪಾಯಿ ನಡೆಗಳನ್ನು ಮಾತ್ರ ಅರ್ಥ ಮಾಡಿಕೊಂಡು, ಜೀವಮಾನವಿಡೀ ಅಷ್ಟನ್ನೇ ಆಡಿ, ಮೂರನೆಯದಕ್ಕೆ "ಗಿರಾಕಿ ಕಾಯ್ತಿದಾರೆ" ಎಂದು ಎದ್ದುಹೋಗಿ, ಮರ್ಯಾದೆಯಿಂದ ಸತ್ತರು. ಪಕ್ಕದವರು ಕಿವಿಯಲ್ಲಿ ಹೇಳಿಕೊಟ್ಟ ನಡೆಯೂ ನಿಲ್ಲುವುದಿಲ್ಲ. "ಅವನ ಕಾಯಿ ನಿಲ್ಲಲ್ಲ ಕಣೋ" ಅಂದರೆ ನಮ್ಮಲ್ಲಿ ಅದಕ್ಕಿಂತ ಕೀಳಾದ ಬೈಗುಳವಿಲ್ಲ.

ನನ್ನ ಕಾಯಿ ನಿಲ್ಲುವುದಿಲ್ಲ. ನಾನು ತಿಪ್ಪೇಶ, ಊರಿನ ವಾಚನಾಲಯ ನೋಡಿಕೊಳ್ಳುವವನು. ಚದುರಂಗದ ಬಗ್ಗೆ ನಮ್ಮಲ್ಲಿರುವ ಪುಸ್ತಕಗಳನ್ನೆಲ್ಲ ಓದಿದ್ದೇನೆ, ಆಡುವವರು ಆಡುವಾಗ ಯಾವ ಪುಟದಲ್ಲಿ ಏನಿದೆ ಎಂದು ಹೇಳಬಲ್ಲೆ. ಇಷ್ಟು ಓದಿದವನ ಕೈಯಲ್ಲಿ ಒಂದು ಸಿಪಾಯಿಯೂ ನಿಲ್ಲದಿರುವುದು ಓದಿನ ಬಗ್ಗೆ ಏನನ್ನೋ ಹೇಳುತ್ತದೆ ಎಂದು ಊರಿನವರ ಅಭಿಪ್ರಾಯ. ನಾನು ವಾದಿಸುವುದಿಲ್ಲ.

ಗುಡ್ಡದಾಚೆಯ ಊರಿಗೂ ನಮಗೂ ಸೇರಿ ಒಂದೇ ಸಂತೆ. ಅದು ಬರುವ ವರ್ಷ ಎಲ್ಲಿ ಕೂಡಬೇಕು ಎಂಬುದನ್ನು ಈ ವರ್ಷದ ಆಟ ತೀರ್ಮಾನಿಸುತ್ತದೆ. ಪ್ರತಿ ಬುಧವಾರ ನಾವು ಒಂದು ನಡೆ ಇಡುತ್ತೇವೆ, ಬಸ್ಸಿನ ಕಂಡಕ್ಟರ್ ಅದನ್ನು ಆ ಊರಿಗೆ ಮುಟ್ಟಿಸುತ್ತಾನೆ, ಮುಂದಿನ ಬುಧವಾರದೊಳಗೆ ಅವರ ಉತ್ತರ ತರುತ್ತಾನೆ. ಆ ಊರಿನಲ್ಲಿ ಯಾರಿಟ್ಟರೂ ಕಾಯಿ ನಿಲ್ಲುತ್ತದೆ. ಅಲ್ಲಿಂದ ಬಂದ ಕರಿಕಾಯಿಗಳೂ ನಮ್ಮ ಮಣೆಯ ಮೇಲೆ ಕಂಡಕ್ಟರ್ ಇಟ್ಟರೂ ನಿಲ್ಲುತ್ತವೆ. ಅವಕ್ಕೆ ನಮ್ಮೂರಿನ ಹುಚ್ಚು ಹಿಡಿದಿಲ್ಲ. ನಮ್ಮ ಬಿಳಿಕಾಯಿ ಮಾತ್ರ ಊರವರ ಎದುರು ಒಂದು ಎಲೆಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ನಿಂತರೇನೇ ನಡೆ ಸಿಂಧು. ಬಿದ್ದರೆ ಆ ನಡೆ ಕಳುಹಿಸುವ ಹಾಗಿಲ್ಲ. ಸಂತೆ ಹೋದರೆ ನಮ್ಮೂರಿನಲ್ಲಿ ಉಳಿಯುವುದು ಪೋಸ್ಟಾಫೀಸು, ಒಂದು ಆಲದ ಮರ ಮತ್ತು ನಾನು.

ನನಗೆ ಮೀಸೆ ಮೂಡುವ ಮೊದಲಿನಿಂದ ನಮ್ಮ ಕಡೆಯಿಂದ ಕಾಯಿ ಇಡುತ್ತಿದ್ದವರು ಹೊಂಬಾಳಮ್ಮ. ಪ್ರೈಮರಿ ಶಾಲೆಯ ಹೆಡ್ಮಿಸ್ ಆಗಿ ನಿವೃತ್ತರಾದವರು, ಊರಿಗೆಲ್ಲ ಹೆಡ್ಮೇಡಂ. ಅಲ್ಲಿಯವರೆಗೆ ಅವರ ಕಾಯಿ ಒಮ್ಮೆಯೂ ಬಿದ್ದಿರಲಿಲ್ಲ. ಇಟ್ಟಮೇಲೆ ಕುರ್ಚಿಗೆ ಒರಗಿ, ಮುಂದಿನ ಸಾಲಿನಲ್ಲಿ ಯಾರಾದರೂ ಸಿಕ್ಕರೆ, "ಯಾಕೆ ಇಟ್ಟೆ ಹೇಳು ನೋಡೋಣ" ಎಂದು ಕೇಳುತ್ತಿದ್ದರು. ಅದಕ್ಕೇ ಮುಂದಿನ ಸಾಲು ಯಾವಾಗಲೂ ಖಾಲಿ ಇರುತ್ತಿತ್ತು.

ಆಚೆ ಊರಿನವರು ಯಂತ್ರ ತಂದಿದ್ದಾರೆ ಎಂಬುದು ನಮಗೆ ಗೊತ್ತಾದದ್ದು ಅವರ ನಡೆಗಳು ವಿಚಿತ್ರವಾದಾಗ. ಮೊದಲೆಲ್ಲ ಅವರು ಹೊಡೆಯುವವರು, ಬೆದರಿಸುವವರು, ಸಿಟ್ಟು ಬಂದರೆ ಮಂತ್ರಿಯನ್ನು ಮುಂದೆ ನೂಕುವವರು. ಬಸ್ಸಿನ ನಿಲ್ದಾಣದಲ್ಲಿ ನಿಂತವರ ಮುಖದ ಹಾಗೆ ಅವರ ಆಟವೂ ನಮಗೆ ಪರಿಚಿತ. ಈ ಸಲ ಅವರ ಆನೆ ಒಂದು ಮನೆ ಪಕ್ಕಕ್ಕೆ ಸರಿದು ಸುಮ್ಮನೆ ಕೂತಿತು. ಅಂಚಿನ ಸಿಪಾಯಿ ಒಂದು ಹೆಜ್ಜೆ ಇಟ್ಟಿತು. ಬೆದರಿಕೆಯಿಲ್ಲ, ಸಿಟ್ಟಿಲ್ಲ. ಕೆಲವು ಬುಧವಾರಗಳಲ್ಲಿ ಹೆಡ್ಮೇಡಂ ಅವರಿಗೆ ಉಸಿರಾಡಲು ಜಾಗವಿಲ್ಲದ ಹಾಗಾಯಿತು.

"ಇದು ಆ ಊರಿನ ಮನುಷ್ಯರ ಆಟ ಅಲ್ಲ ಕಣೋ ತಿಪ್ಪೇಶ," ಅಂದರು. "ಈ ಆಟದಲ್ಲಿ ಯಾರೂ ಇಲ್ಲ."

ಪಟ್ಟಣ ಪಂಚಾಯಿತಿ ಅಧ್ಯಕ್ಷ ರುದ್ರಮುನಿ ವಿಚಾರಿಸಿಕೊಂಡು ಬಂದ. ಆಚೆ ಊರಿಗೆ ಮಾರಿದ ಕಂಪನಿಯೇ ನಮಗೂ ಅದೇ ಯಂತ್ರವನ್ನು ಮಾರಲು ತಯಾರಾಗಿತ್ತು, ಸಂತೋಷದಿಂದ. ಯಂತ್ರದ ಜೊತೆ ಪ್ರಣತಿ ಎಂಬ ಹುಡುಗಿ ಬಂದಳು. ವಾಚನಾಲಯದ ಪತ್ರಿಕೆಗಳ ಮೇಜನ್ನು ಖಾಲಿ ಮಾಡಿಸಿ ಒಂದು ಕಪ್ಪು ಪೆಟ್ಟಿಗೆ ಇಟ್ಟಳು. ಮಣೆಯ ಸ್ಥಿತಿಯನ್ನು ಅದಕ್ಕೆ ತಿಳಿಸಿದಳು. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಉತ್ತರ ಬಂತು. ಬಲಗಡೆ ದಾಳಿಗೆ ಹೋಗಿ ನಿಂತಿದ್ದ ನಮ್ಮ ಕುದುರೆಯನ್ನು ವಾಪಸು ಕರೆದು, ಆಟದ ಮೊದಲ ದಿನ ಅದು ನಿಂತಿದ್ದ ಮನೆಯಲ್ಲೇ ನಿಲ್ಲಿಸಬೇಕು.

"ಮನೆಗಾ?" ಅಂದ ರುದ್ರಮುನಿ. "ಊರಿಗೆ ಬೆಂಕಿ ಬಿದ್ದೈತೆ, ಇದು ಕುದುರೇನ ಲಾಯಕ್ಕೆ ಕಟ್ಟು ಅಂತೈತಲ್ಲಮ್ಮ!"

"ಇದೊಂದೇ ಗೆಲ್ಲೋ ನಡೆ ಸಾರ್," ಅಂದಳು ಪ್ರಣತಿ. "ಬೇರೆ ಎಲ್ಲದರಲ್ಲೂ ಸೋಲು."

ಹೆಡ್ಮೇಡಂ ಕುದುರೆಯನ್ನು ಎತ್ತಿ ಅದರ ಹಳೆಯ ಮನೆಯಲ್ಲಿ ಇಟ್ಟರು. ಅವರ ಕೈಯಿಂದ ಬಿದ್ದ ಮೊದಲ ಕಾಯಿಯನ್ನು ಅವತ್ತು ನಾನು ಕಂಡೆ. ಕುದುರೆ ತಲೆ ತಗ್ಗಿಸಿ, ಸಂಕೋಚದಿಂದ ಅನ್ನುವ ಹಾಗೆ, ಮಗ್ಗುಲಾಯಿತು. ರುದ್ರಮುನಿ ಇಟ್ಟು ನೋಡಿದ, ಬಿತ್ತು. ಪ್ರಣತಿ ಇಟ್ಟಳು, ಪರಊರಿನವಳಾದ್ದರಿಂದ ಬೇಗ ಬಿತ್ತು. ಆಮೇಲೆ ಊರಿನಲ್ಲಿ ಒಂದಿಷ್ಟು ಹೆಸರಿದ್ದವರೆಲ್ಲ ಸಾಲಾಗಿ ಬಂದು ತಮ್ಮ ತಮ್ಮ ಕೈಯಿಂದ ಬೀಳಿಸಿ ಹೋದರು.

ಹೀಗೆ ಊರಿನಲ್ಲಿ ವಾದ ಶುರುವಾಯಿತು. ನಮಗೆ ಯಾರಿಗೂ ಅರ್ಥವಾಗದ್ದು ಪೆಟ್ಟಿಗೆಗಾದರೂ ಅರ್ಥವಾಗಿದೆಯೋ ಇಲ್ಲವೋ? ಆಗಿಲ್ಲದಿದ್ದರೆ ಅಷ್ಟು ಒಳ್ಳೆಯ ನಡೆ ಅದಕ್ಕೆ ಸಿಕ್ಕಿದ್ದು ಹೇಗೆ? "ಗಡಿಯಾರಕ್ಕೆ ಹೊತ್ತು ಗೊತ್ತೇನ್ರೀ?" ಎಂದು ಹೋಟೆಲಿನ ಕಟ್ಟೆಯಲ್ಲಿ ಒಬ್ಬರು ಕೇಳಿದರೆ, "ಗೊತ್ತಿಲ್ದಿದ್ರೆ ದಿನಾ ಅದನ್ನೇ ಯಾಕೆ ಕೇಳ್ತೀಯ?" ಎಂದು ಇನ್ನೊಬ್ಬರು. ಕೊನೆಗೆ ಪೆಟ್ಟಿಗೆಗೆ ಕೈಯಿಲ್ಲದ್ದೇ ಅಡ್ಡಿಯೆಂದು ತೀರ್ಮಾನವಾಗಿ, ಅದರ ನೆತ್ತಿಯ ಮೇಲೇ ಕುದುರೆಯನ್ನು ನಿಲ್ಲಿಸಿ ನೋಡಿದರು. ಬಿತ್ತು. ಅರ್ಧ ಊರು, ಅದಕ್ಕೂ ಏನೂ ಗೊತ್ತಿಲ್ಲವೆಂದು ಸಮಾಧಾನಪಟ್ಟಿತು. ಒಳಗೆ ಫ್ಯಾನು ತಿರುಗುವುದರಿಂದ ಅದುರಿ ಬಿತ್ತು ಎಂದು ಉಳಿದರ್ಧ. ಫ್ಯಾನು ನಿಲ್ಲಿಸಿ ನೋಡೋಣ ಅಂದರೆ, ನಿಲ್ಲಿಸಿದರೆ ಅದು ಯೋಚನೆಯನ್ನೂ ನಿಲ್ಲಿಸುತ್ತದೆ ಅಂದಳು ಪ್ರಣತಿ. ಊರಿನ ಹಿರಿಯರನೇಕರಿಗೆ ಇದು ತಮ್ಮದೇ ಕತೆಯಂತೆ ಕಂಡಿರಬೇಕು, ತಲೆಯಾಡಿಸಿದರು.

ಹೆಡ್ಮೇಡಂ ಮಾತ್ರ ವಾದಕ್ಕೆ ಬರಲಿಲ್ಲ. ಅವರಿಗೆ ಬೇಕಾದದ್ದು ಒಂದೇ: ಬುಧವಾರದೊಳಗೆ ಆ ಕುದುರೆ ಯಾಕೆ ಮನೆಗೆ ಬರಬೇಕೆಂದು ತಿಳಿಯುವುದು. ಬೆಳಿಗ್ಗೆ ನಾನು ಬಾಗಿಲು ತೆಗೆಯುವುದಕ್ಕೆ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು, ತಿಂಡಿಯ ಡಬ್ಬಿ ಹಿಡಿದುಕೊಂಡು. ಪ್ರಣತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಲೆಯ ದನಿಯಲ್ಲಿ ಕೇಳುತ್ತಿದ್ದರು.

"ಯಾಕೆ ಅಂತ ಕೇಳು ಅದನ್ನ."

"ಯಾಕೆ ಅಂತ ಅದು ಹೇಳಲ್ಲ ಮೇಡಂ. ಮುಂದೆ ಏನೇನಾಗುತ್ತೆ ಅಂತ ತೋರಿಸುತ್ತೆ ಅಷ್ಟೆ."

"ಸರಿ, ತೋರಿಸು."

ಅದು ತೋರಿಸಿತು. ಕುದುರೆ ಮನೆಗೆ ಬಂದರೆ ಅವರ ಆನೆ ಇಲ್ಲಿಗೆ, ಆಗ ನಮ್ಮ ಒಂಟೆ ಅಲ್ಲಿಗೆ, ಅವರು ಸಿಪಾಯಿ ನೂಕಿದರೆ ನಮ್ಮ ರಾಜ ಒಂದು ಹೆಜ್ಜೆ ಆಚೆಗೆ. ಒಂದು ದಾರಿ ಮುಗಿದರೆ ಇನ್ನೊಂದು. ಎಲ್ಲ ದಾರಿಗಳ ಕೊನೆಯಲ್ಲೂ ನಾವು ಗೆದ್ದಿರುತ್ತಿದ್ದೆವು. ಹೆಡ್ಮೇಡಂ ಒಂದೊಂದನ್ನೂ ಹಿಡಿದು ಹೋದರು, ಒಂದೊಂದೂ ಅರ್ಥವಾಯಿತು ಅಂದರು. ಆಮೇಲೆ ಕುದುರೆಯನ್ನು ಎತ್ತಿ ಮನೆಯಲ್ಲಿಟ್ಟರು. ಮಗ್ಗುಲಾಯಿತು.

"ಪ್ರತಿ ಪದಕ್ಕೂ ಅರ್ಥ ಗೊತ್ತಾಗ್ತಿದೆ," ಅಂದರು. "ವಾಕ್ಯಕ್ಕೆ ಅರ್ಥ ಗೊತ್ತಾಗ್ತಿಲ್ಲ." ಪ್ರಣತಿಯ ಕಡೆ ತಿರುಗಿ, "ಅದಕ್ಕೆ ಗೊತ್ತೇನಮ್ಮ? ನಿಜ ಹೇಳು. ನೀನು ಮಾರೋಕೆ ಬಂದವಳು ಅಂತ ನಂಗೊತ್ತು, ಆದ್ರೂ ನಿಜ ಹೇಳು."

ಪ್ರಣತಿ ಯೋಚಿಸಿದಳು. ಒಳ್ಳೆಯ ಹುಡುಗಿ, ಕಂಪನಿಯ ಕಾಗದದಲ್ಲಿದ್ದುದನ್ನು ಒಪ್ಪಿಸಲಿಲ್ಲ. "ಗೊತ್ತು ಅಂದ್ರೆ ಏನು ಅನ್ನೋದರ ಮೇಲಿದೆ ಮೇಡಂ. ಅದು ಕೋಟಿಗಟ್ಟಲೆ ಆಟ ತನ್ನಷ್ಟಕ್ಕೆ ತಾನೇ ಆಡಿದೆ. ಯಾವ ಸ್ಥಿತಿ ಒಳ್ಳೇದು ಅಂತ ಅದಕ್ಕೊಂದು ಅಂದಾಜು ಬಂದಿದೆ. ಆ ಅಂದಾಜು ತಪ್ಪಾಗೋದು ಕಮ್ಮಿ."

"ನಾಲ್ಕನೇ ಕ್ಲಾಸಿನ ಮಗು ಎದ್ದು ನಿಂತು ಯಾಕೆ ಮಿಸ್ ಅಂದ್ರೆ ಹೇಳಕ್ಕಾಗ್ಬೇಕು. ಅದು ಗೊತ್ತು ಅಂದ್ರೆ. ಮಿಕ್ಕಿದ್ದು ಅಭ್ಯಾಸ."

"ನೀವು ಜನರ ಮುಖ ನೋಡಿ ಸುಳ್ಳು ಹೇಳ್ತಿದಾರೆ ಅಂತ ಕಂಡುಹಿಡಿತೀರಂತೆ ಮೇಡಂ, ತಿಪ್ಪೇಶ್ ಸಾರ್ ಹೇಳಿದ್ರು. ಹೇಗೆ ಅಂತ ಹೇಳ್ತೀರಾ?"

ಹೆಡ್ಮೇಡಂ ನನ್ನ ಕಡೆ ನೋಡಿದರು. ನಾನು ಪತ್ರಿಕೆ ಮಡಚಲು ಹೋದೆ. ಅವರು ತಿಂಡಿಯ ಡಬ್ಬಿ ತೆಗೆದು ಪ್ರಣತಿಯ ಮುಂದೆ ಸರಿಸಿ, "ಅವಲಕ್ಕಿ ಇದೆ, ತಿನ್ನು. ನಿಮ್ಮ ಕಂಪನೀಲಿ ಊಟ ಹಾಕಲ್ವೇನು, ಹಿಂಗಿದೀಯ" ಅಂದರು.

ವಾರ ಮುಗಿಯುತ್ತ ಬಂದಿತು. ಅಧ್ಯಕ್ಷ ರುದ್ರಮುನಿ ಬಳೆಗಾರ ದಾದಾಪೀರನನ್ನು ಜೊತೆಗೆ ಕರೆದುಕೊಂಡು ಬಂದು, ವಾಚನಾಲಯದ ಬಾಗಿಲು ಮುಂದೆ ಮಾಡಿ, ಮೇಣದ ಮಾತು ತೆಗೆದ. ನಮ್ಮ ಮಣೆ ಹಲಸಿನ ಮರದ್ದು. ಕಪ್ಪು ಬಿಳುಪಿನ ಬಣ್ಣವಿಲ್ಲ, ಗೆರೆ ಕೊರೆದಿದೆ ಅಷ್ಟೆ. ಜೇನುಮೇಣದ ಬಣ್ಣವೂ ಹಲಸಿನ ಬಣ್ಣವೂ ಒಂದೇ. ಬುಧವಾರ ಬೆಳಿಗ್ಗೆ ಕುದುರೆಯ ಮನೆಯಲ್ಲಿ ತೆಳ್ಳಗೆ ಮೇಣ ಬಳಿದರೆ ಯಾರಿಗೂ ಕಾಣುವುದಿಲ್ಲ. ದಾದಾಪೀರನ ಕೈ ಹಗುರ. ಅರಗು, ಮೇಣ ಎಲ್ಲ ಅವನ ಪಾಲಿಗೆ ದಿನದ ಕೆಲಸ.

"ಬೇಕಾದ್ರೆ ಸೋಲ್ತೀನಿ ರುದ್ರಮುನಿ," ಅಂದರು ಹೆಡ್ಮೇಡಂ. "ನನ್ನ ನಡೆ ನಾನಿಟ್ಟು ಸೋಲ್ತೀನಿ."

"ನೀವು ಸೋಲ್ರೀ ಮೇಡಂನೋರೇ, ಯಾರು ಬ್ಯಾಡ ಅಂದ್ರು? ನೀವು ಸೋತ್ರೆ ಪೆನ್ಶನ್ ಬರ್ತೈತೆ. ನಮಗೆ ಏನು ಬರ್ತೈತೆ?"

ದಾದಾಪೀರ ಇನ್ನೂ ಮೆತ್ತಗೆ ಅಂದ: "ಅಕ್ಕಾ, ಸಂತೆ ಆಚೆಗೆ ಹೋದ್ರೆ ನಾನು ಬಳೆ ಮಲಾರ ಹೊತ್ಕೊಂಡು ಗುಡ್ಡ ಹತ್ತಬೇಕು. ಮಂಡಿ ನೋಡಿ ನಂದು. ಇಳಿಯೋದ್ರೊಳಗೆ ಅರ್ಧ ಬಳೆ ಒಡ್ದಿರ್ತವೆ."

ಹೆಡ್ಮೇಡಂ ಮಣೆಯನ್ನೇ ನೋಡುತ್ತ ಕೂತರು. ಆಮೇಲೆ ನನಗೆ ಹೇಳುವ ಹಾಗೆ ಹೇಳಿದರು: "ಎಂಥ ಅವಸ್ಥೆ ನೋಡೋ. ನನಗೆ ಅರ್ಥವಾಗೋದೆಲ್ಲ ಸೋಲೋ ನಡೆಗಳು. ಗೆಲ್ಲೋದು ಅರ್ಥವಾಗಲ್ಲ." ರುದ್ರಮುನಿಯ ಕಡೆ ತಿರುಗಿ, "ಬಳಿಸು. ಆದ್ರೆ ಇಡೋ ಕೈ ನಂದೇ ಆಗ್ಲಿ. ಸುಳ್ಳೂ ನಂದೇ ಆಗಿರುತ್ತೆ, ಬೇರೆಯವರ ಕೈಗೆ ಯಾಕೆ?"

ಬುಧವಾರ ಸಂತೆಗೆ ಬಂದವರೆಲ್ಲ ವಾಚನಾಲಯದ ಕಿಟಕಿಗೆ ಜೋತುಬಿದ್ದಿದ್ದರು. ಹೆಡ್ಮೇಡಂ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಬಂದು ಕೂತರು. ಈ ಸಲ ಮುಂದಿನ ಸಾಲಿನವರನ್ನು ಏನೂ ಕೇಳಲಿಲ್ಲ. ಅಲ್ಲಿ ಜನ ಕೂತಿದ್ದದ್ದೂ ಅವರಿಗೆ ಕಂಡಂತಿರಲಿಲ್ಲ. ಕುದುರೆಯನ್ನು ಎತ್ತಿದರು. ಮಣೆಯನ್ನು ನೋಡದೆ, ಗೋಡೆಯ ಮೇಲಿನ ಹಳೆಯ ಭೂಪಟವನ್ನು ನೋಡುತ್ತ, ಬಲಗಡೆ ಅದರ ಮನೆಯಲ್ಲಿ ಇಟ್ಟು ಕೈ ತೆಗೆದರು. ಜನ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಜಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕುದುರೆ ನಿಂತಿತ್ತು. ಮೊದಲು ಯಾರೋ ಉಗುಳಲು ಹೊರಗೆ ಓಡಿದರು, ಆಮೇಲೆ ಒಬ್ಬ, "ನಿಂತೈತೆ!" ಎಂದು ಕೂಗಿದ. ಊರು ಎದ್ದು ಕುಣಿಯಿತು. ಹೆಡ್ಮೇಡಂಗೆ ಅರ್ಥವಾಯಿತು, ಯಂತ್ರದ ತಲೆಯಲ್ಲಿದ್ದದ್ದನ್ನು ಕಿತ್ತು ತಂದರು, ಅಂಥ ತಾಯಿ! ಕಂಡಕ್ಟರ್ ನಡೆಯನ್ನು ಹೊತ್ತು ಬಸ್ಸು ಹತ್ತಿದ. ಹೆಡ್ಮೇಡಂ ತಲೆನೋವೆಂದು ಹೇಳಿ ಮನೆಗೆ ಹೋದರು. ಯಾರ ಕಣ್ಣನ್ನೂ ನೋಡಲಿಲ್ಲ.

ಜನ ಚದುರಿದ ಮೇಲೆ ನಾನು ಮಣೆಯ ದೂಳು ಒರೆಸಲು ಹೋದೆ. ಬಟ್ಟೆ ಒಂದು ಕಡೆ ಅಂಟಿತು. ಅಂಟಿದ್ದು ಕುದುರೆ ನಿಂತ ಮನೆಯಲ್ಲಲ್ಲ, ನಮ್ಮ ಎಡತುದಿಯಲ್ಲಿ, ಇನ್ನೊಂದು ಕುದುರೆಯ ಖಾಲಿ ಮನೆಯಲ್ಲಿ. ಮೇಣ ಹಚ್ಚಿದ ಹಾಗೇ ಇತ್ತು, ಒಂದು ನೊಣ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ನಮ್ಮ ಕುದುರೆಯ ಬುಡಕ್ಕೆ ಬೆರಳು ಹಾಯಿಸಿದೆ. ಒಣ ಮರ.

ದಾದಾಪೀರನನ್ನು ಸಂತೆಯಿಂದ ಕರೆದು ತಂದೆ. "ಎಲ್ಲಿ ಬಳಿದೆ?"

"ಅಧ್ಯಕ್ಷರು ಹೇಳಿದ್ರಲ್ಲ, ಎಡಗಡೆ ಕುದುರೆ ಮನೆ ಅಂತ."

ನಮ್ಮೂರಿನಲ್ಲಿ ಮಣೆಯ ಎಡಬಲವನ್ನು ಎದುರಾಳಿಯ ಕಡೆಯಿಂದ ಹೇಳುವುದು ರೂಢಿ, ಮರ್ಯಾದೆಗಾಗಿ. ನಮ್ಮ ಬಲ ಅವರಿಗೆ ಎಡ, ಹಾಗೆಯೇ ಹೇಳುತ್ತೇವೆ. ರುದ್ರಮುನಿ ಸರಿಯಾಗಿಯೇ ಹೇಳಿದ್ದ. ದಾದಾಪೀರನೂ ಎದುರಾಳಿಯ ಖಾಲಿ ಕುರ್ಚಿಯಲ್ಲೇ ಕೂತು ಬಳಿದಿದ್ದ. ಆದರೆ ಅವನು ಜೀವಮಾನವಿಡೀ ಹೆಂಗಸರ ಎದುರು ಕೂತು ಬಳೆ ತೊಡಿಸಿದವನು. ಎಡಗೈ ಅಂದರೆ ಅವನ ಎಡವಲ್ಲ, ಎದುರಿಗೆ ಕೂತವರ ಎಡ. ಅದು ಅವನ ಕಸುಬಿನ ಮರ್ಯಾದೆ. ಎರಡು ಮರ್ಯಾದೆ ಸೇರಿ ಮೇಣ ಇನ್ನೊಂದು ತುದಿಗೆ ಹೋಗಿತ್ತು.

ದಾದಾಪೀರ ನೊಣವನ್ನೂ ಕುದುರೆಯನ್ನೂ ಮತ್ತೆ ಮತ್ತೆ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. "ಹಂಗಾದ್ರೆ... ಅದು ತಾನಾಗೇ ನಿಂತದ್ದಾ? ಅಕ್ಕಂಗೆ ಅರ್ಥ ಆಗಿತ್ತಾ?"

ನನಗೂ ಹಾಗೇ ಅನ್ನಿಸಿತು. ಊರು ಕೂಗಿದ್ದು ನಿಜವಾಗಿತ್ತು, ಊರಿಗೆ ಗೊತ್ತಿಲ್ಲದ ಹಾಗೆ. ಸುಳ್ಳು ಹೇಳಿದೆನೆಂದು ಕೊರಗುತ್ತ ಮನೆಯಲ್ಲಿ ಕೂತಿರುವ ಮುದುಕಿಗೆ ಇದಕ್ಕಿಂತ ಸಿಹಿ ಸುದ್ದಿ ಇದೆಯೇ? ದಾದಾಪೀರ ಸಂತೆಯಿಂದ ಜಿಲೇಬಿ ಕಟ್ಟಿಸಿ ತಂದ. ಅದನ್ನು ಹಿಡಿದುಕೊಂಡು ನಾನೊಬ್ಬನೇ ಹೋದೆ. ಇಷ್ಟೆಲ್ಲ ಓದಿದವನು ಅಷ್ಟು ದೂರ ಜಿಲೇಬಿ ಹಿಡಿದು ನಡೆದೆ, ಒಂದು ಕ್ಷಣವೂ ಯೋಚಿಸದೆ.

ಹೆಡ್ಮೇಡಂ ಹಜಾರದಲ್ಲಿ ಕೂತಿದ್ದರು. ನಾನು ಹೇಳಿದೆ. ಮೇಣ ಬೇರೆ ಕಡೆ ಇತ್ತು, ನೊಣ ಸಿಕ್ಕಿಕೊಂಡಿತ್ತು, ಕುದುರೆಯ ಬುಡ ಒಣಗಿತ್ತು. ಅವರು ಎರಡು ಸಲ ಹೇಳಿಸಿದರು. ನನ್ನ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದರು. ಅವರ ಮುಖದಲ್ಲಿ ನಾನು ಕಾಯುತ್ತಿದ್ದದ್ದು ಬರಲಿಲ್ಲ.

"ಏನು ಅರ್ಥವಾಗಿತ್ತು ನಂಗೆ?" ಅಂದರು.

"ಆ ನಡೆ, ಮೇಡಂ."

"ನೀನು ನಾಲ್ಕನೇ ಕ್ಲಾಸು ಅಂತ ತಿಳ್ಕೋ. ಎದ್ದು ನಿಂತು ಕೇಳ್ತಿದೀಯ. ಯಾಕೆ ಮಿಸ್? ನಾನೇನು ಹೇಳ್ಲಿ?"

ನಾನು ಜಿಲೇಬಿಯ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದೆ.

"ಕಾಯಿ ಇಡೋವಾಗ ಏನು ಯೋಚ್ನೆ ಮಾಡ್ತಿದ್ದೆ ಗೊತ್ತೇನೋ? ಹಾಲು ಒಲೆ ಮೇಲಿಟ್ಟು ಬಂದ್ನಾ, ಇಳಿಸಿ ಬಂದ್ನಾ ಅಂತ. ಅಷ್ಟೆ. ವಾರವಿಡೀ ಹಗಲೂ ರಾತ್ರಿ ಯೋಚ್ನೆ ಮಾಡಿ ಇಟ್ಟಾಗ ಬಿತ್ತು. ಹಾಲಿನ ಯೋಚ್ನೇಲಿ ಇಟ್ಟಾಗ ನಿಂತ್ಕೊಳ್ತು."

"ಒಳಗೆಲ್ಲೋ ಅರ್ಥವಾಗಿರಬಹುದು ಮೇಡಂ. ನಿಮಗೇ ತಿಳಿಯದ ಹಾಗೆ."

"ಒಳಗೆ ಯಾರಿಗೆ?" ದನಿ ಏರಿತು. "ಒಳಗೆ ಯಾವಳೋ ಇದಾಳೆ, ಅವಳಿಗೆ ಗೊತ್ತು, ನಂಗೆ ಹೇಳಲ್ಲ ಅಂದ್ರೆ, ಆ ಪೆಟ್ಟಿಗೆಗೂ ನಂಗೂ ಏನೋ ವ್ಯತ್ಯಾಸ? ಅದೂ ಹಂಗೇ ಅಲ್ವಾ? ಅಂದಾಜು ಬಂದಿದೆ, ತಪ್ಪಾಗೋದು ಕಮ್ಮಿ!" ಪ್ರಣತಿಯ ಮಾತನ್ನು ಅವಳದೇ ದನಿಯಲ್ಲಿ ಹೇಳಿದರು. ಅಣಕ ಚೆನ್ನಾಗಿತ್ತು. ನಗಬೇಕೋ ಬೇಡವೋ ತಿಳಿಯದೆ ನಾನು ಜಿಲೇಬಿಯನ್ನು ಮೇಜಿನ ಮೇಲಿಟ್ಟೆ.

"ಇಲ್ಲಾಂದ್ರೆ ಇನ್ನೊಂದು," ಅಂದರು, ಈಗ ಮೆಲ್ಲಗೆ. "ನಿಲ್ಲೋದಕ್ಕೂ ಅರ್ಥಕ್ಕೂ ಸಂಬಂಧವೇ ಇಲ್ಲ. ಯಾವತ್ತೂ ಇರ್ಲಿಲ್ಲ. ನಿಂತ್ಮೇಲೆ ನಾನು ಕಾರಣ ಕಟ್ಟಿ ಹೇಳ್ತಿದ್ದೆ, ನೀವೆಲ್ಲ ಕೇಳ್ತಿದ್ರಿ." ಕೈಬೆರಳುಗಳನ್ನು ನೋಡಿಕೊಂಡರು. "ಲೆಕ್ಕದಲ್ಲಿ ಮಕ್ಕಳು ಉತ್ತರ ಸರಿ ಬರ್ದಿರೋರು, ದಾರಿ ಬರೀತಿರ್ಲಿಲ್ಲ. ಹೇಗೆ ಬಂತೋ ಅಂದ್ರೆ, ಗೊತ್ತಿಲ್ಲ ಮಿಸ್, ಬಂತು ಅನ್ನೋರು. ಸೊನ್ನೆ ಹಾಕ್ತಿದ್ದೆ. ಕದ್ದಿದೀಯ ಅಂತ ಬೆತ್ತದಲ್ಲಿ ಹೊಡೀತಿದ್ದೆ. ಎಷ್ಟು ಮಕ್ಕಳಿಗೆ ಹೊಡ್ದಿದೀನಿ ತಿಪ್ಪೇಶ?"

ನನಗೂ ಹೊಡೆದಿದ್ದರು; ಆದರೆ ನನ್ನ ಉತ್ತರ ಸರಿಯಿರುತ್ತಿರಲಿಲ್ಲವಾದ್ದರಿಂದ ಆ ಲೆಕ್ಕಕ್ಕೆ ನಾನು ಸೇರುವುದಿಲ್ಲ. ಹಾಗೆಂದು ಹೇಳಿದೆ. ಅವರು ನಗಲಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದರು. "ರುದ್ರಮುನಿಗೆ ಹೇಳ್ಬೇಡ. ದಾದಾಪೀರನಿಗೂ ಬಾಯಿಮುಚ್ಕೊಂಡಿರೋಕೆ ಹೇಳು. ಮೇಣದಿಂದ ನಿಂತಿತು ಅಂತಲೇ ಇರ್ಲಿ."

"ಯಾಕೆ ಮೇಡಂ? ನಿಮಗೆ ಗೌರವವಲ್ಲವೇ?"

"ಮೇಣ ಅಂದ್ರೆ ಅರ್ಥವಾಗುತ್ತೆ ಕಣೋ," ಅಂದರು. "ಅಂಟುತ್ತೆ, ನಿಲ್ಲುತ್ತೆ. ಅಷ್ಟಾದ್ರೂ ಅರ್ಥವಾಗ್ಲಿ."

ಆ ವರ್ಷದ ಆಟವನ್ನು ಗೆದ್ದೆವು, ಸಂತೆ ಉಳಿಯಿತು. ರುದ್ರಮುನಿ ಮೇಣದಲ್ಲಿ ನಂಬಿಕೆಯಿಟ್ಟವನಾದ. ಪ್ರತಿ ಬುಧವಾರ ಬೆಳಿಗ್ಗೆ ದಾದಾಪೀರ ಬಂದು ಪೆಟ್ಟಿಗೆ ಹೇಳಿದ ಮನೆಗೆ ಮೇಣ ಬಳಿಯಬೇಕು. ಎಡಬಲದ ಗೊಂದಲವಾಗದಿರಲೆಂದು ಈಗ ಅಧ್ಯಕ್ಷನೇ ಬೆರಳಿಟ್ಟು ತೋರಿಸುತ್ತಾನೆ. ಆಚೆ ಊರಿನ ಪೆಟ್ಟಿಗೆಯೂ ನಮ್ಮ ಪೆಟ್ಟಿಗೆಯೂ ಆಡಿಕೊಳ್ಳುತ್ತವೆ. ನಡೆಗಳು ದಿನೇದಿನೇ ಇನ್ನಷ್ಟು ಚೆನ್ನಾಗಿವೆಯಂತೆ, ಪ್ರಣತಿ ಬರೆದಿದ್ದಳು. ಯಾಕೆಂದು ಯಾರೂ ಕೇಳುವುದಿಲ್ಲ. ಹೋಟೆಲಿನ ಕಟ್ಟೆಯಲ್ಲಿ ಗಡಿಯಾರದ ವಾದವೂ ತಣ್ಣಗಾಗಿದೆ. ಮದುವೆಗೆ ಮಣೆ ತರಿಸುವುದನ್ನು ಟ್ರ್ಯಾಕ್ಟರ್ ಇಲ್ಲದವರೂ ಬಿಟ್ಟಿದ್ದಾರೆ. ಆಮೇಲೆ ನಾನು ಕಾಯಿ ಇಟ್ಟು ನೋಡಿಲ್ಲ. ನಿಂತುಬಿಟ್ಟರೆ ಏನು ಮಾಡಲಿ?

ಕಾಯಿ ಇಡುವವರು ಈಗಲೂ ಹೆಡ್ಮೇಡಂ. ಊರಿಗೆ ಆ ಕೈಯೇ ಬೇಕು, ಪೂಜೆಗೆ ಅದೇ ಪೂಜಾರಿ ಬೇಕೆನ್ನುವ ಹಾಗೆ. ಅವರು ಒಪ್ಪಿದ್ದನ್ನು ಕಂಡು ನನಗೆ ಮೊದಲು ಆಶ್ಚರ್ಯವಾಗಿತ್ತು. ಆಮೇಲೆ ತಿಳಿಯಿತು. ದಾದಾಪೀರ ಮೇಣ ಬಳಿದು ಹೋದ ಮೇಲೆ, ಜನ ಸೇರುವುದಕ್ಕೆ ಮೊದಲು, ಅವರು ಒಬ್ಬರೇ ಬರುತ್ತಾರೆ. ಮಣೆಯ ಮುಂದೆ ಬಾಗಿ, ಹೆಬ್ಬೆರಳ ಉಗುರಿನಿಂದ ಆ ಮನೆಯ ಮೇಣವನ್ನು ಪೂರ್ತಿಯಾಗಿ ಕೆರೆದು ತೆಗೆಯುತ್ತಾರೆ. ಸೆರಗಿನಿಂದ ಒರೆಸುತ್ತಾರೆ. ಬೆರಳು ಹಾಯಿಸಿ ನೋಡುತ್ತಾರೆ, ಮತ್ತೆ ಒರೆಸುತ್ತಾರೆ.

"ಬಿದ್ದರೆ ಸಂತೆಯ ಗತಿಯೇನು ಮೇಡಂ?" ಎಂದು ಒಮ್ಮೆ ಕೇಳಿದೆ.

"ಸಂತೆ ಆಚೆಗೆ ಹೋಗುತ್ತೆ. ಗುಡ್ಡ ಹತ್ತಿ ಹೋಗಿ ಬದನೆಕಾಯಿ ತರ್ತೀವಿ," ಅಂದರು. "ಈ ನಡೆಗಳಲ್ಲಿ ಒಂದೂ ನಂಗೆ ಅರ್ಥವಾಗ್ತಿಲ್ಲ ತಿಪ್ಪೇಶ. ಒಂದೂ. ಅರ್ಥವಾಗದ್ದು ಬೀಳಬೇಕಲ್ಲ? ಒಂದೇ ಒಂದು ಸಲ ಬಿದ್ರೆ ಸಾಕು, ಹಿಂದೆ ನಿಂತಿದ್ದೆಲ್ಲ ನಿಜವಾಗಿ ನಿಂತಿತ್ತು ಅಂತ ಆಗುತ್ತೆ."

ಕಳೆದ ಬುಧವಾರವೂ ಕಿಟಕಿಗಳ ತುಂಬ ಜನ. ಹೆಡ್ಮೇಡಂ ಒಂಟೆಯನ್ನು ಎತ್ತಿ, ಅಲ್ಲಿ ಯಾಕೆ ಹೋಗಬೇಕೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿರದ ಒಂದು ಮನೆಯಲ್ಲಿಟ್ಟು ಕೈ ತೆಗೆದರು. ಜನ ಜಗಿಯತೊಡಗಿದರು. ಹೆಡ್ಮೇಡಂ ಮುಂದಕ್ಕೆ ಬಾಗಿ, ಜ್ವರ ಬಂದ ಮಗುವನ್ನು ನೋಡುವವರ ಹಾಗೆ ಅದನ್ನೇ ನೋಡುತ್ತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ಮಂತ್ರ ಹೇಳುತ್ತಿದ್ದಾರೆ ಎಂದು ಒಬ್ಬಳು ತಾಯಿ ತನ್ನ ಮಗುವಿಗೆ ಕೈಮುಗಿಸಿದಳು. ನಾನು ಮೇಜಿನ ಹತ್ತಿರವೇ ನಿಂತಿದ್ದೆ, ನನಗೆ ಕೇಳಿಸಿತು.

"ಬೀಳು," ಅನ್ನುತ್ತಿದ್ದರು. "ಬೀಳು, ನನ್ನಪ್ಪಾ, ಬೀಳು."

ಎಲೆಅಡಿಕೆ ಮುಗಿಯಿತು. ಒಂಟೆ ನಿಂತೇ ಇತ್ತು. ಊರು ಚಪ್ಪಾಳೆ ತಟ್ಟಿತು.